ಹತ್ತನೇ ಕ್ಲಾಸ್ ಮುಗಿಸಿ ಪೂರ್ತಿ ಚೆಸ್‌ಗೆ ಇಳಿಸಬಹುದಾ?

ರಾಜಾಜಿನಗರದ ಒಬ್ಬ ತಂದೆ:
ಮಗನಿಗೆ 15 ವರ್ಷ, ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ 1912. ಎಸ್ಸೆಸ್ಸೆಲ್ಸಿ ಆದಮೇಲೆ ಕಾಲೇಜು ಬೇಡ, ಗ್ರ್ಯಾಂಡ್‌ಮಾಸ್ಟರ್ ಆಗಿ ಆಮೇಲೆ ಕೋಚ್ ಆಗ್ತೀನಿ ಅಂತಿದ್ದಾನೆ. ನಮ್ಮ ಮನೆಯಲ್ಲಿ ಯಾರಿಗೂ ಚೆಸ್‌ನ ಗಂಧಗಾಳಿ ಇಲ್ಲ. ಈ ದಾರಿ ತುಳಿದವರು ದಯವಿಟ್ಟು ಹೇಳಿ.

ಮಲ್ಲೇಶ್ವರದ ಕೋಚ್:
ಸರ್, ನಾನು 2200 ರೇಟಿಂಗ್‌ನ ಆಸುಪಾಸಲ್ಲೇ ನಿಂತವನು. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ. ಜಿಎಂ, ಅಂದರೆ ಗ್ರ್ಯಾಂಡ್‌ಮಾಸ್ಟರ್, ಆಗಲು ರೇಟಿಂಗ್ ಒಮ್ಮೆಯಾದರೂ 2500 ಮುಟ್ಟಬೇಕು, ಜೊತೆಗೆ ಮೂರು ನಾರ್ಮ್ ಬೇಕು. ಒಂದು ನಾರ್ಮ್ ಅಂದರೆ ಸಾಮಾನ್ಯವಾಗಿ ಒಂಬತ್ತು ಸುತ್ತು 2600 ಮಟ್ಟದಲ್ಲಿ ಆಡಬೇಕು, ಎದುರಾಳಿಗಳಲ್ಲಿ ಕನಿಷ್ಠ ಮೂವರು ಜಿಎಂ ಇರಬೇಕು, ಹೊರದೇಶದವರೂ ಬೇಕು. ಅಂಥ ಟೂರ್ನಿ ಹುಡುಕಿಕೊಂಡು ತುಂಬಾ ಜನ ಯುರೋಪಿಗೆ ಹೋಗುತ್ತಾರೆ. ಕೋಚ್ ಫೀಸಿಗಿಂತ ಟಿಕೆಟ್ಟು, ರೂಮಿನ ಖರ್ಚೇ ಕೈ ಸುಡುವುದು.

ಇದಕ್ಕೆ ಇಂಥದ್ದೇ ವಯಸ್ಸು ಅಂತಿಲ್ಲ. ನಮ್ಮ ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ ಜಿಎಂ ಆದಾಗ 15 ವರ್ಷ. ರಾಜ್ಯದ ಮೊದಲ ಜಿಎಂ ಮೈಸೂರಿನ ತೇಜ್‌ಕುಮಾರ್ ರೈಲ್ವೆ ಕೆಲಸದಲ್ಲಿದ್ದುಕೊಂಡೇ ಆಡಿ, ಮೂವತ್ತು ದಾಟಿದ ಮೇಲೆ, 2017ರಲ್ಲಿ ಮುಟ್ಟಿದರು. ಹಾಗಂತ ನಿಧಾನ ಮಾಡಿ ಅಂತ ಹೇಳುತ್ತಿಲ್ಲ. 18 ತುಂಬುವ ವರ್ಷ ಮುಗಿಯುವ ತನಕ, 2300ರ ಕೆಳಗಿದ್ದರೆ, ಕೆ ಫ್ಯಾಕ್ಟರ್ (ಒಂದು ಆಟಕ್ಕೆ ರೇಟಿಂಗ್ ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ) 40 ಇರುತ್ತದೆ. ಸಮಬಲದವರನ್ನು ಸೋಲಿಸಿದರೆ 20 ಪಾಯಿಂಟ್ ಸಿಗುತ್ತದೆ, ಆಮೇಲೆ ಅದೇ ಗೆಲುವಿಗೆ ಬರೀ 10. ಸೋತರೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ, ಅದು ಬೇರೆ ಮಾತು. ಕಾಲೇಜಿಗೆ ಸೇರಿಸಿ, ಆದರೆ ಈ ಮೂರು ವರ್ಷ ಚೆನ್ನಾಗಿ ಆಡಿಸಿ.

ಇನ್ನು ಕೋಚ್ ಆಗುವ ವಿಷಯ. ಅದು ಬೇರೆಯೇ ಕಸುಬು. ಚೆನ್ನೈನ ಆರ್.ಬಿ. ರಮೇಶ್ ಸ್ವತಃ ಜಿಎಂ, 2002ರ ಬ್ರಿಟಿಷ್ ಚಾಂಪಿಯನ್. ಈಗ ಜನ ಅವರನ್ನು ಗುರುತಿಸುವುದು ಚೆಸ್ ಆಟಗಾರ ಪ್ರಜ್ಞಾನಂದನ ಗುರು ಅಂತಲೇ. ತಮ್ಮ ಆಟ ಬದಿಗಿಟ್ಟು ಹುಡುಗರ ಆಟ ನೋಡುತ್ತಾ ಕೂರುವುದು ಎಲ್ಲರಿಗೂ ಒಗ್ಗಲ್ಲ. ದೊಡ್ಡ ರೇಟಿಂಗ್ ಇದ್ದು ಎಂಟು ವರ್ಷದ ಮಗುವಿಗೆ ಆನೆ-ರಾಜನ ಮೇಟ್ ಹೇಳಿಕೊಡಲು ಆಗದೆ ಸಿಡುಕುವವರನ್ನು ನೋಡಿದ್ದೇನೆ.

ಬನಶಂಕರಿಯ ಅಮ್ಮ:
ನನ್ನ ಮಗಳನ್ನು ಕಾಮರ್ಸ್‌ಗೆ ಹಾಕಿದೆವು, ಲ್ಯಾಬ್ ಇರಲ್ಲ ಅಂತ. ಅಟೆಂಡೆನ್ಸ್ ಬಗ್ಗೆ ಪ್ರಿನ್ಸಿಪಾಲರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಮತ್ತೆ, ವರ್ಷದ ಫೀಸು ಒಟ್ಟಿಗೆ ಕಟ್ಟಬೇಡಿ. ಒಂದು ಅಕಾಡೆಮಿಯಲ್ಲಿ ಕಟ್ಟಿ ಕೈ ಸುಟ್ಟುಕೊಂಡೆವು. ಏಳು ತಿಂಗಳು ಓಪನಿಂಗ್ (ಆಟದ ಆರಂಭದ ನಡೆಗಳು) ಉರು ಹೊಡೆಸಿದರು, ಅವಳು ಸೋತ ಒಂದು ಆಟವನ್ನೂ ಕೂತು ನೋಡಲಿಲ್ಲ.

ವಿಜಯನಗರದ ಹುಡುಗ:
ಅಂಕಲ್, ನನಗೀಗ 24. ಖರ್ಚಿಗೆ ಅಂತ ಆನ್‌ಲೈನ್‌ನಲ್ಲಿ ಚೆಸ್ ಹೇಳಿಕೊಡುವ ಕ್ಲಾಸ್ ಶುರು ಮಾಡಿದೆ, ಮಕ್ಕಳು ಅಮೆರಿಕದವರು, ಅವರ ಸಂಜೆ ಅಂದರೆ ನಮಗೆ ಬೆಳಗಿನ ಜಾವ. ದುಡ್ಡು ಪರವಾಗಿಲ್ಲ, ಮನೆಗೂ ಕೊಡುತ್ತೇನೆ. ಆದರೆ ಕ್ಲಾಸ್ ಮುಗಿಸಿ ಮೆಟ್ರೋದಲ್ಲಿ ನಿದ್ದೆ ಮಾಡಿಕೊಂಡು ಹೋಗಿ ಟೂರ್ನಿಯಲ್ಲಿ ಕೂತರೆ ನಾಲ್ಕನೇ ಗಂಟೆಗೆ ಕುದುರೆ ಸುಮ್ನೆ ಕೊಟ್ಟುಬಿಡುತ್ತೇನೆ. ಎರಡು ವರ್ಷದಲ್ಲಿ 90 ಪಾಯಿಂಟ್ ಹೋಯಿತು. ಜಿಎಂ ಆಸೆ ಇದ್ದರೆ ಪಾಠ ಹೇಳುವುದನ್ನು ಜಾಸ್ತಿ ಬೇಗ ಶುರು ಮಾಡಿಸಬೇಡಿ.

ಮಲ್ಲೇಶ್ವರದ ಕೋಚ್:
ಇವನು ಹೇಳಿದ್ದು ನಿಜ, ನಾನು ನಿಂತಿದ್ದೂ ಹಾಗೇ. ಸರ್, ಮಗ ಈಚೆಗೆ ಸೋತ ಹತ್ತು ಆಟದ ಸ್ಕೋರ್‌ಶೀಟ್ (ನಡೆಗಳನ್ನು ಬರೆದಿಟ್ಟ ಹಾಳೆ) ಇದೆಯಾ? ಯಾಕೆ ಸೋತೆ ಅಂತ ಅವನೇ ಪೆನ್ಸಿಲ್‌ನಲ್ಲಿ ಬರೆಯಲಿ, ಕಂಪ್ಯೂಟರ್ ನೋಡದೆ. ಜಿಎಂ, ಕೋಚ್ ಎರಡರ ಮಾತೂ ಆಮೇಲೆ ಆಡೋಣ.

ರಾಜಾಜಿನಗರದ ತಂದೆ:
ಕೇಳಿದೆ ಸರ್. ಗೆದ್ದ ಆಟಗಳನ್ನು ಫೈಲ್ ಮಾಡಿ ಇಟ್ಟಿದ್ದಾನೆ. ಸೋತವು ಸ್ಕೂಲ್ ಬ್ಯಾಗಿನ ತಳದಲ್ಲಿ ಮುದ್ದೆಯಾಗಿ ಸಿಕ್ಕಿದವು, ನಾಲ್ಕೇ ನಾಲ್ಕು.