ಅಪ್‌ಡೇಟ್: ಹಳೆಯ ಕಾರಿನ ಮೈಲೇಜ್ ಇಳಿದಿದ್ದಕ್ಕೆ ಕಾರಣ ಸಿಕ್ಕಿತು

ಹದಿನೈದು ವರ್ಷ ಹಳೆಯ ನನ್ನ ಪೆಟ್ರೋಲ್ ಕಾರಿನ ಮೈಲೇಜ್ ಲೀಟರಿಗೆ 14 ಕಿ.ಮೀ.ನಿಂದ 9ಕ್ಕೆ ಇಳಿದಿದೆ, ಏರ್ ಫಿಲ್ಟರ್ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದರೂ ಸುಧಾರಿಸಿಲ್ಲ ಎಂದು ಹಿಂದೆ ಕೇಳಿದ್ದೆ. ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಅದನ್ನು ತಂಪಾಗಿಸುವ ದ್ರವ ರೇಡಿಯೇಟರಿಗೆ ಹೋಗದಂತೆ ತಡೆಯುವ ಭಾಗ) ಪರೀಕ್ಷಿಸಿ ಎಂದವರ ಊಹೆಯೇ ಸರಿಯಾಗಿತ್ತು; ಅವರಿಗೆ ಮನಃಪೂರ್ವಕ ಧನ್ಯವಾದಗಳು.

ಅರ್ಧ ಗಂಟೆ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕಾಲು ಭಾಗ ದಾಟುತ್ತಿರಲಿಲ್ಲ. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ ನೋಡಿದಾಗ, ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕಿದ್ದ ಅದು ಆರಂಭದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಿತ್ತು. ಬಿಚ್ಚಿದರೆ, ಥರ್ಮೋಸ್ಟಾಟಿನ ಕವಾಟ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿತ್ತು. ಎಂಜಿನ್ ಸರಿಯಾಗಿ ಕಾಯದ ಕಾರಣ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಕೊಡುತ್ತಲೇ ಇತ್ತು. ಚೆಕ್ ಎಂಜಿನ್ ದೀಪ ಒಮ್ಮೆಯೂ ಉರಿಯದಿದ್ದುದೇ ನನ್ನನ್ನು ದಾರಿ ತಪ್ಪಿಸಿತೆಂದು ಈಗ ಅನಿಸುತ್ತದೆ.

ಹೊಸ ಥರ್ಮೋಸ್ಟಾಟ್ ಹಾಕಿಸಿ ಎರಡು ಸಲ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದ್ದೇನೆ: ಎರಡೂ ಬಾರಿ 13ರ ಆಸುಪಾಸಿನಲ್ಲಿದೆ.