ಸಂಜೆಯಾದರೆ ಮನೆ ನೆನಪಾಗಿ ಅಳು ಬರುತ್ತದೆ, ನೀವೆಲ್ಲ ಏನು ಮಾಡಿದಿರಿ?

ಹೊಸನಗರ ತಾಲ್ಲೂಕಿನ ಹಳ್ಳಿಯವಳು ನಾನು. ಶಿವಮೊಗ್ಗದಲ್ಲಿ ಡಿಗ್ರಿ ಮೊದಲ ವರ್ಷ. ಹಾಸ್ಟೆಲ್ ಸೇರಿ ಮೂರು ವಾರ ಆಯಿತು. ಹಗಲು ಹೇಗೋ ಕಳೆಯುತ್ತದೆ, ಸಂಜೆಯಾದರೆ ಗಂಟಲು ಕಟ್ಟುತ್ತದೆ. ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅಳುತ್ತೇನೆ. ಪ್ರತಿ ಶನಿವಾರ ಊರಿಗೆ ಓಡುತ್ತೇನೆ. ಸೋಮವಾರ ಬಸ್ಸು ಹತ್ತುವಾಗ ಸಂಕಟ ಇನ್ನೂ ಜಾಸ್ತಿ. ನಿಮಗೂ ಹೀಗಾಗಿತ್ತಾ? ಹೇಗೆ ದಾಟಿದಿರಿ?

ತೀರ್ಥಹಳ್ಳಿ ಕಡೆಯವಳು, ಈಗ ಕೆಲಸದಲ್ಲಿದ್ದೇನೆ:

ತಂಗಿ, ಸಂಜೆ ಅಂತ ನೀನು ಬರೆದದ್ದು ಓದಿ ನನ್ನ ಹಾಸ್ಟೆಲ್ ರೂಮು ಕಣ್ಣಮುಂದೆ ಬಂತು. ನನಗೂ ಆರೂವರೆಗೆ ಸರಿಯಾಗಿ ಶುರುವಾಗುತ್ತಿತ್ತು. ಆ ಹೊತ್ತಿಗೆ ಮನೆಯಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಾರೆ, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾರೆ, ಅಜ್ಜಿ ದೇವರಿಗೆ ದೀಪ ಹಚ್ಚುತ್ತಾಳೆ. ಹಾಸ್ಟೆಲ್‌ನಲ್ಲಿ ಟ್ಯೂಬ್‌ಲೈಟ್ ಹಾಕಿಕೊಂಡು ಮಂಚದ ಮೇಲೆ ಸುಮ್ನೆ ಕೂರಬೇಕು, ಅಷ್ಟೇ. ಮನೆಯಿಂದ ತಂದ ಕಂಬಳಿಯಲ್ಲಿ ಒಲೆಯ ಹೊಗೆ ವಾಸನೆ ಇತ್ತು. ಒಂದೂವರೆ ತಿಂಗಳು ಅದನ್ನು ಒಗೆಯಲಿಲ್ಲ. ಮೂಗಿಗೆ ಒತ್ತಿಕೊಂಡು ಮಲಗುತ್ತಿದ್ದೆ.

ಅಮ್ಮ ಒಂದು ಕಟ್ಟು ಹಲಸಿನ ಹಪ್ಪಳ ಕೊಟ್ಟು ಕಳಿಸಿದ್ದಳು. ರೂಮಿನಲ್ಲಿ ಸುಡುವುದು ಹೇಗೆ? ಒಂದು ಸಂಜೆ ಧೈರ್ಯ ಮಾಡಿ ಅಡುಗೆಮನೆಗೆ ಹೋಗಿ ಕೇಳಿದೆ. ಅಡುಗೆಯ ಅಕ್ಕ ಉರಿ ಸಣ್ಣ ಮಾಡಿದರು. ಬರಿಗೈಯಲ್ಲೇ ಹಪ್ಪಳ ತಿರುಗಿಸಿ ತಿರುಗಿಸಿ, ಅಂಚು ಕಪ್ಪಾಗುವ ಮೊದಲೇ ತೆಗೆದರು. ತುಂಡೊಂದನ್ನು ಬಾಯಿಗೆ ಹಾಕಿಕೊಂಡು, "ಕೊತ್ತಂಬರಿ ಬೀಜ ಹಾಕಿದಾರೆ ನೋಡು, ನಮ್ಮನೇಲೂ ಹಿಂಗೇ ಮಾಡೋದು" ಅಂದರು. ಅವರು ರಿಪ್ಪನ್‌ಪೇಟೆ ಹತ್ತಿರದವರು. ಮಾರನೇ ದಿನವೂ ಅದೇ ಹೊತ್ತಿಗೆ ಹೋದೆ. ಬೀನ್ಸಿನ ನಾರು ತೆಗೆದುಕೊಟ್ಟೆ, ಸೊಪ್ಪು ಸೋಸಿದೆ. ಮಾತೇನೂ ಜಾಸ್ತಿ ಇರಲಿಲ್ಲ. ಒಗ್ಗರಣೆ ವಾಸನೆ, ಕೈಗೊಂದು ಕೆಲಸ. ಎಂಟು ಗಂಟೆ ಆದದ್ದೇ ಗೊತ್ತಾಗುತ್ತಿರಲಿಲ್ಲ.

ನಿಮ್ಮಲ್ಲಿ ಅಡುಗೆಮನೆಗೆ ಬಿಡದೆ ಇರಬಹುದು. ಹಾಗಿದ್ದರೆ ಬೇರೆ ಏನಾದರೂ ಹುಡುಕಿಕೊ, ರೂಮ್‌ಮೇಟ್ ಜೊತೆ ಗಾಂಧಿ ಪಾರ್ಕ್‌ವರೆಗೆ ನಡೆದು ಬಾ. ಆ ಒಂದೂವರೆ ಗಂಟೆ ಮಾತ್ರ ಒಬ್ಬಳೇ ಕೂರಬೇಡ. ಆಗ ಪುಸ್ತಕವನ್ನೂ ತೆರೆಯಬೇಡ. ಓದಿದ್ದು ತಲೆಗೆ ಹತ್ತುವುದಿಲ್ಲ, ಅದಕ್ಕೊಂದು ಬೇಜಾರು ಬೇರೆ.

ಕಲಬುರಗಿಯಿಂದ ಶಿವಮೊಗ್ಗಕ್ಕೆ ಬಂದು ಓದಿದವನು:

ನಮ್ಮೂರಿಗೆ ರಾತ್ರಿಯಿಡೀ ಪ್ರಯಾಣ. ಹಾಗಾಗಿ ಶನಿವಾರ ಓಡುವ ಮಾತೇ ಇರಲಿಲ್ಲ. ಜುಲೈನಲ್ಲಿ ಬಂದವನು ಮತ್ತೆ ಮನೆ ಕಂಡದ್ದು ದಸರಾಕ್ಕೆ. ನನ್ನನ್ನು ಕಂಗೆಡಿಸಿದ್ದು ಇಲ್ಲಿನ ಮಳೆ. ನಮ್ಮ ಕಡೆ ಮಳೆಗಾಗಿ ಕಾಯುತ್ತೇವೆ, ಇಲ್ಲಿ ಬಿಡುವುದನ್ನು ಕಾಯಬೇಕು. ಬಟ್ಟೆ ಒಣಗದು, ಬಿಸಿಲು ಕಾಣದು.

ಒಂದು ದಿನ ಕ್ಲಾಸಿನ ಹುಡುಗ "ಮಂಟಪ ಮುಳುಗಿದೆಯಂತೆ, ಬಾರೋ ನೋಡ್ಕೊಂಡು ಬರೋಣ" ಅಂತ ಎಳೆದುಕೊಂಡು ಹೋದ. ಕೋರ್ಪಲಯ್ಯ ಛತ್ರದ ಹತ್ತಿರ ತುಂಗೆಯ ಒಡಲಲ್ಲಿ ಒಂದು ಕಲ್ಲು ಮಂಟಪ ಇದೆ. ಅದು ಮುಳುಗಿದರೆ ಹೊಳೆ ತುಂಬಿತು ಅಂತ ಊರಿನ ಲೆಕ್ಕ. ಕೊಡೆ ಹಿಡಿದು ಎಷ್ಟೊಂದು ಜನ ನಿಂತಿದ್ದರು! ಕೆಂಪು ನೀರು, ಕಿವಿ ತುಂಬ ಅದರದ್ದೇ ಸದ್ದು. ಆಮೇಲೆ ದಿನವೂ ಹೋದೆ. ಇವತ್ತು ಕಂಬ ಇಷ್ಟು ಕಾಣಿಸಿತು ಅಂತ ಅವ್ವನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಲ್ಲಿಯವರೆಗೆ ನಮ್ಮ ಮಾತು "ಊಟ ಆಯ್ತಾ" ಅನ್ನುವುದರಲ್ಲೇ ಮುಗಿದು ಅಳು ಬರುತ್ತಿತ್ತು. ಈಗ ಹೇಳಲು ನನ್ನದೇ ಒಂದು ಸುದ್ದಿ ಇತ್ತು. ಒಂದು ದಿನ ಅವ್ವನೇ "ಮಂಟಪ ಎಷ್ಟು ಕಾಣ್ತದ?" ಅಂತ ಕೇಳಿದಳು.

ನಿಮಗೆ ಊರು ಎರಡು ಎರಡೂವರೆ ಗಂಟೆ ದೂರ ಅಷ್ಟೇ ಅಲ್ವಾ? ಅದೇ ತೊಂದರೆ. ಹಾಸ್ಟೆಲ್‌ನಲ್ಲಿ ಗೆಳೆತನ ಬೆಳೆಯುವುದೇ ಭಾನುವಾರ. ಬಟ್ಟೆ ಒಗೆಯುತ್ತಾ, ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಮಾತು ಹತ್ತುತ್ತದೆ. ನೀವು ಆ ದಿನವೇ ಇರುವುದಿಲ್ಲ. ಒಂದು ವಾರ ಬಿಟ್ಟು ಹೋಗಿ ನೋಡಿ, ಆಮೇಲೆ ಎರಡು ವಾರ ಬಿಡಿ.

ಶಿವಮೊಗ್ಗದ ಉಪನ್ಯಾಸಕಿ:

ಒಂದು ವಿಷಯ ಹೇಳಲೇಬೇಕು. ಊಟ ಸೇರದೆ, ನಿದ್ದೆ ಬಾರದೆ ದಿನಗಳು ಕಳೆದರೆ, ಕ್ಲಾಸಿಗೆ ಹೋಗಲೂ ಆಗದಿದ್ದರೆ ಒಳಗೇ ಇಟ್ಟುಕೊಳ್ಳಬೇಡಮ್ಮ. ಬದುಕೇ ಬೇಡ ಅನ್ನಿಸಿದರಂತೂ ಒಂದು ಗಳಿಗೆಯೂ ಕಾಯಬೇಡ. ಟೆಲಿ ಮಾನಸ್ ಸಹಾಯವಾಣಿ 14416. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ನಿನಗೆ ಹಿಡಿಸಿದ ಮೇಡಂ ಒಬ್ಬರಿಗೆ ಹೇಳಿದರೂ ಆದೀತು.

ಸಾಗರದ ಕಡೆಯ ಒಬ್ಬ ತಾಯಿ:

ಮಗಳೇ, ನನ್ನ ಮಗಳೂ ರಾತ್ರಿ ಅಳುತ್ತಾ ಫೋನ್ ಮಾಡುತ್ತಿದ್ದಳು. ಅತ್ತಮೇಲೆ ಅವಳಿಗೆ ನಿದ್ದೆ ಬರುತ್ತಿತ್ತು, ನನಗೆ ಬೆಳಗಿನವರೆಗೂ ಇಲ್ಲ. ಅಳಬೇಡ ಅಂತ ನಾನು ಹೇಳಲಿಲ್ಲ. ಫೋನನ್ನು ಮಾತ್ರ ಬೆಳಿಗ್ಗೆಗೆ ಹಾಕಿಕೊಂಡೆವು. ಅವಳು ತಲೆ ಬಾಚಿಕೊಳ್ಳುವಾಗ, ನಾನು ದೋಸೆ ಹೊಯ್ಯುವಾಗ ಹತ್ತು ನಿಮಿಷ. ಕಾವಲಿ ಚೊಂಯ್ ಅನ್ನುವುದು ಅವಳಿಗೆ ಕೇಳಿಸುತ್ತಿತ್ತು. ಬೆಳಿಗ್ಗೆ ಮಾತಾಡಿದರೆ ಅಳಲು ಇಬ್ಬರಿಗೂ ಹೊತ್ತಿರುವುದಿಲ್ಲ. ನೀನೂ ಅಮ್ಮನ ಹತ್ತಿರ ಹೀಗೆ ಮಾತಾಡಿಕೊ.

ವಾರ ವಾರ ಬರುವುದು ಬೇಡ. ಆದರೆ ಭೂಮಿ ಹುಣ್ಣಿಮೆ ಹಬ್ಬಕ್ಕೆ ರಜೆ ಹಾಕಿಯಾದರೂ ಬಾ. ಹಿಂದಿನ ರಾತ್ರಿಯಿಡೀ ಅಡುಗೆ ಇರುತ್ತದೆ, ಅಮ್ಮನಿಗೆ ನಿನ್ನ ಕೈ ಬೇಕಾಗುತ್ತದೆ.