‘ವೂಡೂ ರೇ’ 12 ಇಂಚಿನ ರೆಕಾರ್ಡ್ ಸಿಕ್ಕಿದೆ, 1988ರದ್ದೇನಾ?

ತಟ್ಟೆಪ್ರಿಯ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಮ್ಯಾಂಚೆಸ್ಟರ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿ ಭಾನುವಾರ ಜನ ಕಾರಿನ ಡಿಕ್ಕಿ ತೆಗೆದಿಟ್ಟುಕೊಂಡು ಮನೆಯ ಹಳೇ ಸಾಮಾನು ಮಾರುತ್ತಾರೆ, ಸಂತೆ ಥರ. ಮಕ್ಕಳ ಸೈಕಲ್ಲು, ಮುಚ್ಚಳ ಇಲ್ಲದ ಟೀಪಾಟುಗಳ ಮಧ್ಯೆ ಒಂದು ಡಬ್ಬ ತುಂಬ ರೆಕಾರ್ಡು ಇತ್ತು. ಕೆದಕಿದರೆ ‘ಎ ಗೈ ಕಾಲ್ಡ್ ಜೆರಾಲ್ಡ್’ ಅನ್ನುವ ಕಲಾವಿದನ ‘ವೂಡೂ ರೇ’ ಹಾಡು! 6 ಪೌಂಡ್ ಕೊಟ್ಟೆ. ಹೊರಗಿನ ಕವರ್ ಇಲ್ಲ, ಬರೀ ಬಿಳಿ ಒಳಚೀಲ.

ಮೂರು ಪ್ರಶ್ನೆ. ಇದು 1988ರಲ್ಲಿ ಮೊದಲ ಸಲ ಒತ್ತಿದ್ದಾ, ಆಮೇಲೆ ಬಂದಿದ್ದಾ? ಹಾಡಿನ ಒಳಗೆ ಗಂಡಸೊಬ್ಬ ಏನೋ ಅನ್ನುತ್ತಾನಲ್ಲ, ಏನದು? ಇನ್ನೊಂದು ತೊಂದರೆ, ಒಂದು ಕಡೆ ಮುಳ್ಳು ಸಿಕ್ಕಿಕೊಂಡು ಅಲ್ಲೇ ಸುತ್ತುತ್ತೆ. ನಿಜ ಹೇಳಬೇಕೆಂದರೆ ಮೊದಲು ನನಗೆ ಗೊತ್ತೇ ಆಗಲಿಲ್ಲ. ಹಾಡೇ ಹಾಗೆ ಅಂದುಕೊಂಡು ಎರಡು ನಿಮಿಷ ತಲೆಯಾಡಿಸುತ್ತಾ ಕೂತಿದ್ದೆ, ಆಮೇಲೆ ತಾಳ ಕುಂಟುತ್ತಿದೆ ಅನ್ನಿಸಿ ಎದ್ದು ನೋಡಿದೆ.

ಹಳೇಮುಳ್ಳು:
ಹ್ಹ ಹ್ಹ, ಆಸಿಡ್ ಹೌಸ್ ಅನ್ನುವ ಈ ಥರದ, ಒಂದೇ ತುಣುಕು ಸುತ್ತಿ ಸುತ್ತಿ ಬರುವ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಕೇಳುವವರಿಗೆಲ್ಲ ಒಂದಲ್ಲ ಒಂದು ದಿನ ಆಗುವುದೇ ಇದು. ಮೊದಲು ರಿಪೇರಿ ವಿಷಯ. ಡಿಸ್ಟಿಲ್ಡ್ ನೀರು, ಮೆತ್ತನೆ ಬಟ್ಟೆ. ಮುಳ್ಳು ಓಡುವ ಸುತ್ತುಗೆರೆಗಳ ದಿಕ್ಕಿನಲ್ಲೇ ಒರೆಸಿ, ಅಡ್ಡಡ್ಡ ಬೇಡ. ಮಧ್ಯದ ಕಾಗದ ನೆನೆಯದಂತೆ ನೋಡಿಕೊಳ್ಳಿ.

ಯಾವ ಕಾಲದ್ದು ಅಂತ ತಿಳಿಯಲು ಲೇಬಲ್ ಒಂದನ್ನೇ ನಂಬಬೇಡಿ. ಹಾಡು ಮುಗಿದ ಮೇಲೆ ಲೇಬಲ್ಲಿಗೆ ಮುಂಚೆ ನುಣುಪಾದ ಪಟ್ಟಿ ಇರುತ್ತಲ್ಲ, ಅಲ್ಲಿ ಕೈಯಲ್ಲಿ ಗೀಚಿದ ಅಕ್ಷರ, ಅಂಕೆ ಇರುತ್ತವೆ. ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನು ರೆಕಾರ್ಡುಗಳ ಪಟ್ಟಿ ಇರುವ ಡಿಸ್ಕಾಗ್ಸ್ ವೆಬ್‌ಸೈಟಿನಲ್ಲಿ ಹಾಕಿ ಹೋಲಿಸಿ. ಮೊದಲ ಸಲ ಒತ್ತಿದ್ದು ಬರೀ 500, ಒಂದೇ ದಿನಕ್ಕೆ ಖಾಲಿ ಅಂತಾರೆ. ಆಮೇಲೆ 1989ರಲ್ಲಿ ಬ್ರಿಟನ್ ಚಾರ್ಟಿನಲ್ಲಿ 12ನೇ ಸ್ಥಾನದವರೆಗೂ ಹತ್ತಿತು, ಅಷ್ಟೊತ್ತಿಗೆ ಎಷ್ಟೋ ಸಲ ಒತ್ತಿದ್ದಾರೆ. ಹಾಗಾಗಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ ಸಾರ್.

ರಾತ್ರಿಪಾಳಿ:
ಆ ದನಿಯ ಕಥೆಯೇ ಈ ಹಾಡಿನಲ್ಲಿ ನನಗೆ ತುಂಬಾ ಇಷ್ಟ. ಪೀಟರ್ ಕುಕ್, ಡಡ್ಲಿ ಮೂರ್ ಅಂತ ಇಂಗ್ಲೆಂಡಿನ ಹಾಸ್ಯ ಜೋಡಿ ಇತ್ತು. ಅವರ ಹಳೇ ರೆಕಾರ್ಡಿನಿಂದ ಎತ್ತಿದ್ದು, ‘ವೂಡೂ ರೇ’ ಅಂತಲೇ ಅನ್ನುತ್ತದೆ. ಹಾಡಿಗೆ ಇಡಬೇಕೆಂದಿದ್ದ ಹೆಸರು ‘ವೂಡೂ ರೇಜ್’. ಆದರೆ ಸ್ಯಾಂಪ್ಲರ್, ಅಂದರೆ ದನಿಯ ತುಣುಕು ಹಿಡಿದಿಟ್ಟು ಮತ್ತೆ ನುಡಿಸುವ ಯಂತ್ರ, ಅದರ ಮೆಮೊರಿಯಲ್ಲಿ ಅಷ್ಟು ಜಾಗವಿಲ್ಲ, ಕೊನೆಯ ‘ಜ್’ ಕತ್ತರಿಸಿ ಹೋಯಿತು. ಉಳಿದದ್ದು ‘ರೇ’. ಇವತ್ತು ನಮ್ಮ ಫೋನಿನಲ್ಲಿ ಗುಡ್ ಮಾರ್ನಿಂಗ್ ಫೋಟೋಗಳಿಗೇ ಎಷ್ಟು ಜಾಗ ಹೋಗುತ್ತೆ, ಅಲ್ಲಿ ಒಂದಕ್ಷರಕ್ಕೆ ಗತಿಯಿಲ್ಲ. ಹೆಣ್ಣು ದನಿ ನಿಕೋಲಾ ಕಾಲಿಯರ್ ಅವರದು. ‘ಎ ಗೈ ಕಾಲ್ಡ್ ಜೆರಾಲ್ಡ್’ ಅಂದರೆ ಜೆರಾಲ್ಡ್ ಸಿಂಪ್ಸನ್, ಮ್ಯಾಂಚೆಸ್ಟರ್ ಹುಡುಗನೇ, ಆಗ 808 ಸ್ಟೇಟ್ ತಂಡದಲ್ಲೂ ಇದ್ದ. ಹಾಡು ಅಲ್ಲಿನ ಹಸಿಯೆಂಡಾ ಕ್ಲಬ್ಬಿನಲ್ಲಿ ಹತ್ತಿಕೊಂಡು ಉರಿಯಿತು. ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್, ಹೆಸರು ಮಾತ್ರ ಅದೇ. ನೀವು ಅಲ್ಲೇ ಇದ್ದೀರಲ್ಲ, ಒಂದು ಸಲ ಹೋಗಿ ಬನ್ನಿ.

ಮೈಸೂರ್‌ಮಿಕ್ಸ್:
ಅಷ್ಟೆಲ್ಲ ಯಾಕೆ ಗುರು, ಆಸಿಡ್ ಹೌಸ್ ಹುಟ್ಟಿದ್ದೇ ಬಾಂಬೆಯಲ್ಲಿ. ಅಲ್ಲಿನ ಸಿನಿಮಾ ಸಂಗೀತದ ವಾದಕ ಚರಣಜಿತ್ ಸಿಂಗ್ 1982ರಲ್ಲೇ ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದ್ದಾರೆ, ಆಸಿಡ್ ಹೌಸ್‌ನವರು ಆಮೇಲೆ ಬಳಸಿದ ಅದೇ ರೋಲ್ಯಾಂಡ್ ಟಿಬಿ-303 ಅನ್ನುವ ಬೇಸ್ ಯಂತ್ರದಲ್ಲಿ.

ರಾತ್ರಿಪಾಳಿ:
ಬಂತಪ್ಪ ಇದು! ಆ ರೆಕಾರ್ಡು ಅದ್ಭುತ, ಒಪ್ಪಿದೆ. ಆದರೆ ಹುಟ್ಟಿಸಿದ್ದು ಅನ್ನಬೇಕಾದರೆ ಯಾರಾದರೂ ಕೇಳಿರಬೇಕಲ್ವಾ? ಆಗ ಅದನ್ನು ಕೊಂಡವರೇ ಕಡಿಮೆ, 2010ರಲ್ಲಿ ಮತ್ತೆ ಬಿಡುಗಡೆಯಾದ ಮೇಲೆ ಎಲ್ಲರ ಕಿವಿಗೆ ಬಿತ್ತು. ಷಿಕಾಗೋದ ಫ್ಯೂಚರ್ ತಂಡದವರು ‘ಆಸಿಡ್ ಟ್ರ್ಯಾಕ್ಸ್’ ತಂದಿದ್ದು 1987ರಲ್ಲಿ, ತಮ್ಮಷ್ಟಕ್ಕೆ ತಾವು ನಾಬ್ ತಿರುಗಿಸಿ ಕಂಡುಕೊಂಡಿದ್ದು.

303 ಬಂದಿದ್ದೇ ಗಿಟಾರ್ ಬಾರಿಸುವವರ ಪಕ್ಕವಾದ್ಯಕ್ಕೆ. ಬೇಸ್ ಗಿಟಾರ್ ಥರ ಕೇಳಿಸಬೇಕಿತ್ತು, ಕೇಳಿಸಲಿಲ್ಲ. ಸ್ವರ ಒಂದು ಸಲ, ಕಾಲ ಇನ್ನೊಂದು ಸಲ ಬೇರೆ ಬೇರೆ ತುಂಬಬೇಕು, ತಲೆನೋವು. 1984ರ ಹೊತ್ತಿಗೆ ತಯಾರಿಕೆ ನಿಂತು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಬಿದ್ದಿತ್ತು, ಕೈಯಲ್ಲಿ ಕಾಸಿಲ್ಲದ ಹುಡುಗರು ಎತ್ತಿಕೊಂಡರು. ದನಿಯನ್ನು ಚೂಪು ಮಾಡುವ ರೆಸೊನೆನ್ಸ್ ಏರಿಸಿ, ಅದನ್ನು ಮಂದ ಇಲ್ಲವೇ ಚುರುಕು ಮಾಡುವ ಕಟಾಫ್ ನಾಬ್ ತಿರುಗಿಸುತ್ತಾ ಹೋದರೆ ದನಿ ಒಳ್ಳೆ ಪುಂಗಿ ಥರ ಎಳೆಯುತ್ತೆ. ಚರಣಜಿತ್ ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದನ್ನು ಹಿಡಿದರು, ರಾಗಕ್ಕೆ ಬೇಕಾದ್ದು ಅದೇ. ಷಿಕಾಗೋದವರು ಹಿಡಿದಿದ್ದು ಆ ಕಿರುಚಾಟ. ಒಂದೇ ಪೆಟ್ಟಿಗೆ, ಕೆಲಸ ಬೇರೆ.

ಮೈಸೂರ್‌ಮಿಕ್ಸ್:
ಸರಿ ಸರಿ, ಪುಂಗಿ ಅಂತ ನೀವೇ ಒಪ್ಪಿಕೊಂಡಿರಿ, ಸಾಕು ನನಗೆ.

ತಟ್ಟೆಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಒರೆಸಿದೆ. ಗೀರಲ್ಲ ಅದು, ಎಳ್ಳಿನಷ್ಟು ಮೇಣ. ಬಹುಶಃ ಯಾರೋ ಮೇಣದಬತ್ತಿ ಹಚ್ಚಿಟ್ಟು ಕೇಳಿರಬೇಕು. ಉಗುರಿನಲ್ಲಿ ಮೆಲ್ಲಗೆ ಎತ್ತಿದೆ, ಬಂತು. ಈಗ ಮುಳ್ಳು ನಿಲ್ಲದೆ ಹೋಗುತ್ತದೆ, ಸಣ್ಣಗೆ ಟಿಕ್ ಅನ್ನುತ್ತೆ ಅಷ್ಟೇ. ಟಾರ್ಚ್ ಹಿಡಿದು ಗೀಚಿದ್ದನ್ನು ಓದಲು ಹೋದರೆ ಅದು 8ಓ 3ಓ ತಿಳಿಯುತ್ತಿಲ್ಲ. ಬೆಳಿಗ್ಗೆ ಬಿಸಿಲಿಗೆ ಹಿಡಿದು ಫೋಟೋ ಹಾಕುತ್ತೇನೆ, ಇಲ್ಲಿ ಬಿಸಿಲು ಬಂದರೆ.